ಮುಳ್ಳು 15ರಲ್ಲಿದೆ, ಒಳಗೆ 121 ಡಿಗ್ರಿ ಇದೆಯೇ? ಡೆಂಟಲ್ ಕ್ಲಿನಿಕ್ಕಿನ ಆಟೊಕ್ಲೇವ್ ಬಗ್ಗೆ ಟಿಪ್ಪಣಿ

ಸ್ಪಾಲ್ಡಿಂಗ್ ವರ್ಗೀಕರಣ (ಸೋಂಕಿನ ಅಪಾಯಕ್ಕೆ ತಕ್ಕಂತೆ ಉಪಕರಣಗಳ ವಿಂಗಡಣೆ) ಎಲ್ಲರಿಗೂ ಬಾಯಿಪಾಠ, ಬಿಡಿಸುವುದಿಲ್ಲ. ಒಂದೇ ಮಾತು: ಹಲ್ಲು ಕೊರೆಯುವ ಏರೋಟರ್ ಹ್ಯಾಂಡ್‌ಪೀಸ್ ಸೆಮಿ-ಕ್ರಿಟಿಕಲ್ (ಮಧ್ಯಮ ಅಪಾಯದ) ಪಟ್ಟಿಯಲ್ಲಿದ್ದರೂ ಸ್ಪಿರಿಟ್‌ನಲ್ಲಿ ಒರೆಸಿದರೆ ಸಾಲದು. ಪ್ರತಿ ರೋಗಿಯ ನಂತರ ಆಟೊಕ್ಲೇವ್, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ, ಆಗಲೇಬೇಕು.

ತೊಡಕಿರುವುದು "15 ಪಿ.ಎಸ್.ಐ., 121 ಡಿಗ್ರಿ, 15 ನಿಮಿಷ" (ಪಿ.ಎಸ್.ಐ. ಅಂದರೆ ಒತ್ತಡದ ಅಳತೆ) ಎಂದು ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಒಂದೇ ಉಸಿರಿಗೆ ಒಪ್ಪಿಸುವ ಸೂತ್ರದಲ್ಲಿ. ಒತ್ತಡ ಸೂಕ್ಷ್ಮಾಣುಗಳನ್ನು ಕೊಲ್ಲುವುದಿಲ್ಲ. ಹಬೆಯನ್ನು 100 ಡಿಗ್ರಿ ದಾಟಿಸುವುದಷ್ಟೇ ಅದರ ಕೆಲಸ. ಉಪಕರಣದ ಮೇಲೆ ಹಬೆ ನೀರಾಗಿ ಇಳಿಯುವಾಗ ಬಿಡುವ ಗುಪ್ತೋಷ್ಣವೇ (ಅಡಗಿದ್ದ ಶಾಖವೇ) ಸೂಕ್ಷ್ಮಾಣುಗಳ ಪ್ರೋಟೀನನ್ನು ಕೆಡಿಸುತ್ತದೆ. ಒಳಗೆ ಗಾಳಿ ಉಳಿದಿದ್ದರೆ ಗೇಜು (ಒತ್ತಡ ತೋರಿಸುವ ಮುಳ್ಳಿನ ಮಾಪಕ) ಅದರ ಒತ್ತಡವನ್ನೂ ಸೇರಿಸಿ ತೋರಿಸುತ್ತದೆ. ಗಾಳಿ ಪೂರ್ತಿ ಹೋಗಿದ್ದರೆ 15ಕ್ಕೆ 121 ಡಿಗ್ರಿ. ಅರ್ಧ ಉಳಿದಿದ್ದರೆ ಅದೇ 15ಕ್ಕೆ ಸುಮಾರು 112. ಏನೂ ಹೋಗಿರದಿದ್ದರೆ 100ರ ಆಸುಪಾಸು. ಮೂರು ಸಲವೂ ಮುಳ್ಳು ಅದೇ ಜಾಗದಲ್ಲಿ! ಹಾಗಾಗಿ ಕುಕ್ಕರ್ ಮಾದರಿಯದರಲ್ಲಿ ವಾಲ್ವ್ ತೆರೆದಿಟ್ಟು, ಹಬೆ ಕೆಲವು ನಿಮಿಷ ಎಡೆಬಿಡದೆ ರಭಸವಾಗಿ ಬಂದ ಮೇಲೆಯೇ ಮುಚ್ಚಬೇಕು. ನಿಮಿಷ ಎಣಿಸುವುದು ಉಷ್ಣಾಂಶ ಮುಟ್ಟಿದ ಮೇಲೆ, ಸ್ವಿಚ್ ಹಾಕಿದಾಗಿನಿಂದಲ್ಲ.

ಇದರ ಜೊತೆಗೆ ಎತ್ತರದ ಲೆಕ್ಕವೂ ಇದೆ. ಸೂತ್ರ ಸಮುದ್ರಮಟ್ಟದ್ದು, ಮಂಗಳೂರಿಗೆ ಸರಿ. ಬೆಂಗಳೂರು ಸುಮಾರು 900 ಮೀಟರ್ ಮೇಲಿದೆ, ಹೊರಗಿನ ಗಾಳಿಯ ಒತ್ತಡವೇ ಹೆಚ್ಚುಕಡಿಮೆ ಒಂದೂವರೆ ಪಿ.ಎಸ್.ಐ. ಕಮ್ಮಿ. ಅಲ್ಲಿ ಗೇಜು 15 ಅಂದರೆ ಒಳಗೆ 119 ಚಿಲ್ಲರೆ. 121 ಸಿಗಲು 16.5ರ ಹತ್ತಿರ ಹೋಗಬೇಕು, ಅದೂ ಯಂತ್ರದ ಮಿತಿಯೊಳಗೆ. ಉಷ್ಣಾಂಶ ತೋರಿಸುವ ಯಂತ್ರವಾದರೆ ಅದನ್ನೇ ನೋಡಿ.

ಗಾಳಿಯ ಈ ತಾಪತ್ರಯ ಹ್ಯಾಂಡ್‌ಪೀಸಿನ ಸಣ್ಣ ನಾಳಗಳಲ್ಲಿ ಇನ್ನೂ ಜಾಸ್ತಿ. ಕ್ಲಾಸ್ ಎನ್ ಯಂತ್ರ (ಪಂಪಿಲ್ಲದ ಸರಳ ಮಾದರಿ) ಪೌಚ್ (ಉಪಕರಣ ಹಾಕಿ ಮುಚ್ಚುವ ಲಕೋಟೆ) ಇಲ್ಲದ, ಟೊಳ್ಳಿಲ್ಲದ ಉಪಕರಣಕ್ಕೆ ಮಾತ್ರ. ಕ್ಲಾಸ್ ಬಿ ಪಂಪಿನಿಂದ ಗಾಳಿಯನ್ನು ಹಲವು ಸುತ್ತು ಎಳೆದು ಹಾಕಿ, ಆಮೇಲೆ 134 ಡಿಗ್ರಿಯಲ್ಲಿ ಕನಿಷ್ಠ 3 ನಿಮಿಷ ಹಿಡಿಯುತ್ತದೆ. ಬರ್ (ಕೊರೆಯುವ ಮೊನೆ) ತೆಗೆದು, ತೊಳೆದು, ಎಣ್ಣೆ ಬಿಟ್ಟ ಮೇಲೆ ಹ್ಯಾಂಡ್‌ಪೀಸನ್ನು ಸ್ವಲ್ಪ ಹೊತ್ತು ಓಡಿಸಿ. ಉಳಿದ ಎಣ್ಣೆ ಹಬೆಯನ್ನು ತಾಗಗೊಡುವುದಿಲ್ಲ.

ಪೌಚ್‌ಗಳನ್ನು ಒಂದರ ಮೇಲೊಂದು ಒಟ್ಟಬೇಡಿ, ಅಂಚಿನ ಮೇಲೆ ನಿಲ್ಲಿಸಿ. ಫೋರ್ಸೆಪ್ಸ್ (ಇಕ್ಕಳ) ಬಾಯಿ ತೆರೆದಿರಲಿ. ಒದ್ದೆ ಪೌಚ್ ಹೊರತೆಗೆದರೆ ಕೈಯ ಸೂಕ್ಷ್ಮಾಣುಗಳು ಕಾಗದದ ಮೂಲಕ ಒಳಗೆ ಇಳಿಯುತ್ತವೆ. ಡ್ರೈಯಿಂಗ್ ಮುಗಿಯುವ ತನಕ ಕಾಯಿರಿ.

ಹೊರಗೆ ಅಂಟಿಸಿದ ಆಟೊಕ್ಲೇವ್ ಟೇಪ್ ಕಪ್ಪಾಯಿತೆಂದರೆ ಬಿಸಿ ತಾಗಿದೆ ಎಂದಷ್ಟೇ ಅರ್ಥ. ಪೌಚ್ ಒಳಗೆ 5ನೇ ವರ್ಗದ ಇಂಟಿಗ್ರೇಟರ್ (ಉಷ್ಣಾಂಶ, ಸಮಯ, ಹಬೆ ಮೂರೂ ಸಾಕಾದವೇ ಎಂದು ತೋರಿಸುವ ಪಟ್ಟಿ) ಇಡಿ, ವಾರಕ್ಕೊಮ್ಮೆ ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಸ್ಪೋರ್ ಪರೀಕ್ಷೆ (ಬಿಸಿಗೆ ಸುಲಭವಾಗಿ ಸಾಯದ ಈ ಬ್ಯಾಕ್ಟೀರಿಯಾದ ಬೀಜಕಗಳು ಸತ್ತವೇ ಎಂದು ನೋಡುವುದು) ಮಾಡಿ. ಸ್ಪೋರ್ ಬೆಳೆದರೆ ಯಂತ್ರ ನಿಲ್ಲಿಸಿ, ಲೋಡಿಂಗ್ ಪರಿಶೀಲಿಸಿ, ಮತ್ತೆ ಪರೀಕ್ಷಿಸಿ. ಮತ್ತೂ ಬೆಳೆದರೆ, ಕೊನೆಯ ಸಲ ಪರೀಕ್ಷೆ ಸರಿಯಾಗಿದ್ದ ದಿನದಿಂದ ಈಚೆಗಿನ ಪೌಚ್‌ಗಳನ್ನೆಲ್ಲ ಕಪಾಟಿನಿಂದ ವಾಪಸ್ ತೆಗೆಯಬೇಕು.