ಸೀಲ್ ಮೈಮೇಲಿನ ಜೋಡಿ ಗೀರು

ಮ್ಯೂಸಿಯಂನಲ್ಲಿ ಪ್ರಾಣಿಯ ಚಿತ್ರ ಕಂಡರೆ ಅದು ಗೋಡೆಯ ಅಂದಕ್ಕೆ, ವಿಜ್ಞಾನವೇನಿದ್ದರೂ ಪಕ್ಕದ ಗಾಜಿನ ಪೆಟ್ಟಿಗೆಯೊಳಗೆ ಎಂದುಕೊಳ್ಳುವವರೇ ಹೆಚ್ಚು. ಧ್ರುವಪ್ರದೇಶದ ಪ್ರಾಣಿಗಳ ಮಟ್ಟಿಗೆ ಇದು ತೀರಾ ತಲೆಕೆಳಗು. ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನಲ್ಲಿ ಸೀಲ್ ಎಂಬ ಕಡಲ ಸಸ್ತನಿಗಳ ಬಂಧುವಾದ ವಾಲ್ರಸ್ ಒಂದಿದೆ. ಅದರ ಚರ್ಮಕ್ಕೆ ಹೂರಣ ತುಂಬಿದವರಿಗೆ ಜೀವಂತ ವಾಲ್ರಸ್‌ನ ಮೈತುಂಬ ಮಡಿಕೆಗಳಿರುತ್ತವೆಂಬುದು ತಿಳಿದಿರಲಿಲ್ಲ; ಹಿಡಿದಷ್ಟೂ ತುರುಕಿಬಿಟ್ಟರು. ನೂರು ವರ್ಷ ದಾಟಿದರೂ ಪಾಪ, ಉಬ್ಬಿಕೊಂಡೇ ಇದೆ.

ಕೇಂಬ್ರಿಜ್‌ನ ಸ್ಕಾಟ್ ಪೋಲಾರ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಎಡ್ವರ್ಡ್ ವಿಲ್ಸನ್ ಬರೆದ ಅಂಟಾರ್ಕ್ಟಿಕಾದ ಜಲವರ್ಣಗಳಿವೆ, ಸೀಲ್‌ಗಳೂ ಅವುಗಳಲ್ಲಿವೆ. ವಿಲ್ಸನ್ ವೈದ್ಯ, ಪ್ರಾಣಿಶಾಸ್ತ್ರಜ್ಞ. ಧ್ರುವಯಾತ್ರೆಯ ನಾಯಕ ರಾಬರ್ಟ್ ಸ್ಕಾಟ್ ಜೊತೆ 1901-04ರಲ್ಲಿ ಅಲ್ಲಿಗೆ ಹೋಗಿಬಂದ. 1910ರಲ್ಲಿ ಮತ್ತೆ ಹೊರಟವನು ದಕ್ಷಿಣ ಧ್ರುವ ಮುಟ್ಟಿ ಹಿಂದಿರುಗುವಾಗ, 1912ರಲ್ಲಿ, ದಾರಿಯಲ್ಲೇ ತೀರಿಕೊಂಡ. ಆ ಚಳಿಯ ಬಯಲಿನಲ್ಲಿ ಕುಂಚದ ನೀರೇ ಹೆಪ್ಪುಗಟ್ಟುತ್ತದೆ. ಹಾಗಾಗಿ ಕೈಗವಸು ಕಳಚಿ ಸ್ವಲ್ಪ ಹೊತ್ತು ಪೆನ್ಸಿಲ್ ಆಡಿಸುವುದು, ಬೆರಳು ಮರಗಟ್ಟಿದೊಡನೆ ಮತ್ತೆ ಗವಸು. ಯಾವ ಭಾಗಕ್ಕೆ ಯಾವ ಬಣ್ಣವೆಂದು ಗೆರೆಗಳ ಪಕ್ಕದಲ್ಲೇ ಗುರುತು ಹಾಕಿಕೊಂಡು, ಒಳಗೆ ಬಂದಮೇಲೆ ಬಣ್ಣ ತುಂಬುತ್ತಿದ್ದ. ಹಿಮದ ಪ್ರಖರ ಬೆಳಕಿಗೆ ಕಣ್ಣುರಿಯೂ ಕಾಡಿತು. ಆಗಿನ ಫೋಟೊಗಳು ಬಹುತೇಕ ಕಪ್ಪುಬಿಳುಪು; ಒಣಗಿಸಿದ ಚರ್ಮದ ಬಣ್ಣ ಮಾಸುತ್ತದೆ. ಜೀವಂತ ಸೀಲ್‌ನ ಬಣ್ಣಕ್ಕೆ ಆ ಕಾಗದವೇ ಸಾಕ್ಷಿ.

ಆದರೆ ವಿಲ್ಸನ್‌ನ ಕಣ್ಣಿನ ಹರಿತ ನನಗೆ ಮನವರಿಕೆಯಾದದ್ದು ಗಾಯದ ಗುರುತುಗಳ ವಿಚಾರದಲ್ಲಿ. ಅಂಟಾರ್ಕ್ಟಿಕಾದ ಕ್ರ್ಯಾಬ್‌ಈಟರ್ ಎಂಬ ಜಾತಿಯ ಸೀಲ್‌ಗಳ ಮೈಮೇಲೆ ಉದ್ದುದ್ದ ಗೀರುಗಳಿರುವುದನ್ನು ಅವನು ದಾಖಲಿಸಿ, ಓರ್ಕಾ ತಿಮಿಂಗಿಲಗಳತ್ತ ಬೆರಳು ತೋರಿಸಿದ. ಉತ್ತರ ತಪ್ಪಾಗಿತ್ತು, ದಾಖಲೆ ತಪ್ಪಾಗಿರಲಿಲ್ಲ. 1970ರ ದಶಕದಲ್ಲಿ ಸಂಶೋಧಕರು ಗೀರುಗಳ ನಡುವಿನ ಅಂತರದತ್ತ ಗಮನ ಹರಿಸಿದರು. ಓರ್ಕಾ ದವಡೆಯಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯ ಹಲ್ಲುಗಳು ಸಾಲಾಗಿರುತ್ತವೆ. ಅದು ಕಚ್ಚಿ ಎಳೆದರೆ ಗೀರುಗಳೂ ಸಾಲಾಗಿ ಏಳಬೇಕು. ಇಲ್ಲಿದ್ದದ್ದು ಜೋಡಿ ಗೀರು, ಸಮಾಂತರವಾಗಿ. ಆ ಅಂತರ ಹೊಂದಿದ್ದು ಅಲ್ಲಿನದೇ ಇನ್ನೊಂದು ಬೇಟೆಗಾರ ಸೀಲ್ ಆದ ಲೆಪರ್ಡ್ ಸೀಲ್‌ನ ಎರಡು ಕೋರೆಹಲ್ಲುಗಳಿಗೆ! ಅದು ಮುಖ್ಯವಾಗಿ ಹಿಡಿಯುವುದು ಒಂದು ವರ್ಷದೊಳಗಿನ ಕ್ರ್ಯಾಬ್‌ಈಟರ್ ಮರಿಗಳನ್ನು. ಕೊಸರಿಕೊಂಡು ಪಾರಾದ ಮರಿಗೆ ಆ ಗುರುತು ಜೀವನವಿಡೀ.

ಇದೇ ಲೆಪರ್ಡ್ ಸೀಲ್‌ನ ಹಿಂದಿನ ಹಲ್ಲುಗಳ ಕಥೆ ಬೇರೆ. ಅಂಚು ಕವಲೊಡೆದ ಆ ಹಲ್ಲುಗಳು ಬಾಯಿ ಮುಚ್ಚಿದಾಗ ಒಂದಕ್ಕೊಂದು ಕೂಡಿಕೊಂಡು ಜರಡಿಯಾಗುತ್ತವೆ. ಬಾಯಿತುಂಬ ನೀರು ತುಂಬಿಕೊಂಡು ಹೊರಗೊತ್ತಿದರೆ ಸೀಗಡಿಯಂಥ ಪುಟ್ಟ ಕ್ರಿಲ್‌ಗಳು ಒಳಗೇ ಉಳಿಯುತ್ತವೆ. ಕ್ರ್ಯಾಬ್‌ಈಟರ್‌ಗೂ ಇಂಥದೇ ಹಲ್ಲು, ಇನ್ನೂ ನಾಜೂಕಾದದ್ದು. ಹೆಸರಿನ ಅರ್ಥ ‘ಏಡಿ ತಿನ್ನುವುದು’ ಎಂದಿದ್ದರೂ ಅದರ ಮುಖ್ಯ ಊಟವೂ ಕ್ರಿಲ್ಲೇ, ಏಡಿಯಲ್ಲ. ಒಂದೇ ಬಾಯಲ್ಲಿ ನೆರೆಯವನ ಊಟವನ್ನೂ ತಿಂದು, ಅವನ ಮರಿಯನ್ನೂ ಹಿಡಿಯುವ ಪ್ರಾಣಿ ಲೆಪರ್ಡ್ ಸೀಲ್.

ಓರ್ಕಾಗಳೇನೂ ಸಾಧುಗಳಲ್ಲ. ಗುಂಪಾಗಿ ಈಜಿ ಅಲೆಯೆಬ್ಬಿಸಿ, ಮಂಜುಗಡ್ಡೆಯ ಮೇಲೆ ಮಲಗಿರುವ ಸೀಲ್‌ಗಳನ್ನು ನೀರಿಗೆ ಕೆಡವುವುದು ಅವುಗಳ ವರಸೆ. ಹಾಗೆ ಸಿಕ್ಕಿಬಿದ್ದ ಸೀಲ್ ಗೀರು ಹೊತ್ತು ಮರಳುವುದು ಕಷ್ಟ. ವಿಲ್ಸನ್ ಕಂಡ ಗೀರುಗಳೆಲ್ಲ ತಪ್ಪಿಸಿಕೊಂಡವರವು.