ಕಾಂಟ್ಯಾಕ್ಟ್ಸ್‌ಗೆ ‘ಅಲೌ’ ಒತ್ತುವ ಮುನ್ನ

ಹೊಸ ಆ್ಯಪ್ ಹಾಕಿಕೊಂಡಾಗ ಅದು ಕೇಳುವ ಅನುಮತಿಗಳಲ್ಲಿ ಕಾಂಟ್ಯಾಕ್ಟ್ಸ್‌ನದ್ದೇ ಬೇರೆ ಬಗೆ. ಲೊಕೇಶನ್ ಕೊಟ್ಟರೆ ಹೋಗುವುದು ನಮ್ಮ ಮಾಹಿತಿ. ಕಾಂಟ್ಯಾಕ್ಟ್ಸ್ ಕೊಟ್ಟರೆ ಅತ್ತಿಗೆ, ಮನೆ ಓನರ್, ಮಗಳ ಟೀಚರ್, ಆಫೀಸಿನ ಮ್ಯಾನೇಜರ್ ಎಲ್ಲರ ನಂಬರೂ ಹೋಗುತ್ತದೆ. ಅವರನ್ನು ಯಾರೂ ಕೇಳಿರುವುದಿಲ್ಲ.

ಒಂದು ಕಾಲಕ್ಕೆ ನಮ್ಮನ್ನೂ ಕೇಳುತ್ತಿರಲಿಲ್ಲ. ಪಾಥ್ ಎಂಬ ಸೋಶಿಯಲ್ ಆ್ಯಪ್ ಐಫೋನ್ ಬಳಕೆದಾರರ ಇಡೀ ಅಡ್ರೆಸ್ ಬುಕ್ಕನ್ನು ತನ್ನ ಸರ್ವರಿಗೆ ಸಾಗಿಸುತ್ತಿದ್ದುದು 2012ರ ಫೆಬ್ರವರಿಯಲ್ಲಿ ಬಯಲಾಯಿತು. ಕಂಪನಿ ಕ್ಷಮೆ ಕೇಳಿತು. ಅದೇ ವರ್ಷ ಬಂದ, ಐಫೋನ್ ನಡೆಸುವ ತಂತ್ರಾಂಶದ ಹೊಸ ಆವೃತ್ತಿ ಐಒಎಸ್ 6ರಿಂದ ಆ್ಯಪ್‌ಗಳು ಕೇಳಿಯೇ ಪಡೆಯಬೇಕಾಯಿತು. ಆಂಡ್ರಾಯ್ಡ್‌ನಲ್ಲಿ ಮಾತ್ರ 2015ರ 6.0 ಆವೃತ್ತಿ ಬರುವ ತನಕ ಅನುಮತಿಗಳ ಪಟ್ಟಿಯನ್ನು ಇಡಿಯಾಗಿ ಒಪ್ಪಬೇಕಿತ್ತು, ಇಲ್ಲವೇ ಆ್ಯಪ್ ಬಿಡಬೇಕಿತ್ತು. ಪಟ್ಟಿ ಓದದೆ ಒತ್ತುವ ಅಭ್ಯಾಸ ನಮಗೆ ಅಂಟಿದ್ದು ಆ ವರ್ಷಗಳಲ್ಲೇ ಎಂದು ನನ್ನ ಅನಿಸಿಕೆ.

ಆ ಅಭ್ಯಾಸಕ್ಕೆ ನಮ್ಮ ದೇಶ ತೆತ್ತ ಬೆಲೆ ಕಂಡದ್ದು 2020ರಲ್ಲಿ. ಲಾಕ್‌ಡೌನ್‌ನಲ್ಲಿ ಸಂಬಳ ನಿಂತವರಿಗೆ ಕೆಲವೇ ನಿಮಿಷಗಳಲ್ಲಿ ಮೂರು, ಐದು ಸಾವಿರ ಸಾಲ ಕೊಡುವ ಆ್ಯಪ್‌ಗಳು ಸಿಕ್ಕವು. ಜಾಮೀನು ಕೇಳುತ್ತಿರಲಿಲ್ಲ, ಕಾಂಟ್ಯಾಕ್ಟ್ಸ್ ಮತ್ತು ಗ್ಯಾಲರಿ ಕೇಳುತ್ತಿದ್ದವು. ನಿಜವಾದ ಅಡಮಾನ ಅದೇ. ಎಷ್ಟೋ ಸಾಲಗಳ ವಾಯಿದೆ ಬರೀ ಏಳು ದಿನ. ತಪ್ಪಿದರೆ ನೆಂಟರಿಗೆ, ಸಹೋದ್ಯೋಗಿಗಳಿಗೆ ‘ಇವನು ಕಳ್ಳ’ ಎಂಬ ಮೆಸೇಜು, ತಿರುಚಿದ ಅಶ್ಲೀಲ ಫೋಟೋ. ಮರ್ಯಾದೆಗೆ ಅಂಜಿ ಪ್ರಾಣ ಕಳೆದುಕೊಂಡವರಿದ್ದಾರೆ. ಬೆಂಗಳೂರಿನ ಸೈಬರ್ ಪೊಲೀಸರು ದಾಖಲಿಸಿದ್ದ ಎಫ್‌ಐಆರ್‌ಗಳ ಆಧಾರದಲ್ಲಿ 2022ರಲ್ಲಿ ಜಾರಿ ನಿರ್ದೇಶನಾಲಯ (ಇ.ಡಿ.) ನಗರದಲ್ಲಿ ಶೋಧವನ್ನೂ ನಡೆಸಿತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್, ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ಸ್, ಕಾಲ್ ಲಾಗ್, ಫೋಟೋ, ಫೈಲು ಮುಟ್ಟಕೂಡದೆಂದು ಮಾರ್ಗಸೂಚಿ ಹೊರಡಿಸಿತು. 2023ರಲ್ಲಿ ಗೂಗಲ್ ಪ್ಲೇ ಕೂಡ ತಡೆ ಹಾಕಿತು. ಆದರೆ ವಾಟ್ಸ್‌ಆ್ಯಪ್ ಲಿಂಕಿನಲ್ಲಿ ಬರುವ, ಆ್ಯಪನ್ನು ನೇರವಾಗಿ ಫೋನಿಗೆ ಹಾಕುವ ಎಪಿಕೆ ಫೈಲಿಗೆ ಪ್ಲೇ ಸ್ಟೋರಿನ ನಿಯಮ ತಾಗುವುದಿಲ್ಲ.

ಕಾನೂನಿನ ದಾರಿ ತೆರೆದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ ಹೂಡಿದ್ದ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಹೇಳಿತು. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೊಡುವ ಒಂದು ಉದಾಹರಣೆ ನೋಡಿ: ದೂರದಿಂದಲೇ ವೈದ್ಯರ ಸಲಹೆ ಕೊಡಿಸುವ ಟೆಲಿಮೆಡಿಸಿನ್ ಆ್ಯಪ್ ಒಂದು ಕಾಂಟ್ಯಾಕ್ಟ್ಸ್ ಕೇಳಿ, ಬಳಕೆದಾರರು ಒಪ್ಪಿದರೂ ಆ ಒಪ್ಪಿಗೆ ನಿಲ್ಲದು, ಏಕೆಂದರೆ ಚಿಕಿತ್ಸೆಗೆ ಅದು ಬೇಕಿಲ್ಲ. ಈ ಕಾಯ್ದೆಯ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ, ಅದೂ ಕಂಪನಿಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟು.

ಅಲ್ಲಿಯವರೆಗೆ ಕಾಯಬೇಕಿಲ್ಲ. ಪ್ಲೇ ಸ್ಟೋರಿನಲ್ಲಿ ಆ್ಯಪ್ ಕೆಳಗಿರುವ ‘ಡೇಟಾ ಸೇಫ್ಟಿ’ ನೋಡಿ. ಅದು ಡೆವಲಪರ್ ತಾನೇ ಬರೆದುಕೊಟ್ಟ ಹೇಳಿಕೆ ಎಂಬುದೂ ನೆನಪಿರಲಿ. ಸಾಲದ ಆ್ಯಪ್ ಆದರೆ ರಿಸರ್ವ್ ಬ್ಯಾಂಕ್ 2025ರ ಜುಲೈನಿಂದ ತನ್ನ ವೆಬ್‌ಸೈಟಿನಲ್ಲಿ ಇಟ್ಟಿರುವ ಪಟ್ಟಿಯಲ್ಲಿ ಹೆಸರಿದೆಯೇ ನೋಡಿ. ಐಒಎಸ್ 18 ಇದ್ದರೆ ಬೇಕಾದ ನಾಲ್ಕು ನಂಬರನ್ನಷ್ಟೇ ಆಯ್ದು ಕೊಡಬಹುದು. ಹಳೆಯ ಆ್ಯಪ್‌ಗಳಿಗೆ ಕೊಟ್ಟ ಅನುಮತಿಯನ್ನು ಸೆಟ್ಟಿಂಗ್ಸ್‌ನಲ್ಲಿ ಇವತ್ತೇ ತೆಗೆಯಬಹುದು, ಆದರೆ ಈಗಾಗಲೇ ಅವರ ಸರ್ವರ್ ಸೇರಿದ ನಂಬರುಗಳು ಅದರಿಂದ ಅಳಿಸಿಹೋಗುವುದಿಲ್ಲ.