ತಿಂಡಿ ಡಬ್ಬಕ್ಕೆ ಬೀಗ ಬೇಡ

ಮೈಸೂರಿನ ನನ್ನ ಕ್ಲಿನಿಕ್ಕಿಗೆ ಬರುವ ಅಪ್ಪ ಅಮ್ಮಂದಿರು ಮೊದಲು ಹೇಳುವುದು ಮಗುವಿನ ತೂಕದ ವಿಷಯ. ಹಾಸಿಗೆ ಕೆಳಗೆ ಬಿಸ್ಕತ್ ಪೊಟ್ಟಣ ಸಿಕ್ಕಿದ್ದು, ಹಬ್ಬಕ್ಕೆ ಮಾಡಿಟ್ಟ ಚಕ್ಕುಲಿ ರಾತ್ರೋರಾತ್ರಿ ಖಾಲಿಯಾಗಿದ್ದು ಆಮೇಲೆ ಬಾಯಿಗೆ ಬರುತ್ತದೆ. ಅಷ್ಟರಲ್ಲಿ ಡಬ್ಬಕ್ಕೆ ಬೀಗ ಬಿದ್ದಿರುತ್ತದೆ. ಆ ಬೀಗ ತೆಗೆಯಿರಿ. ಅದರಿಂದ ತಿನ್ನುವುದು ನಿಲ್ಲಲ್ಲ, ಕದ್ದು ತಿನ್ನುವುದು ಜಾಸ್ತಿಯಾಗುತ್ತದೆ.

ಮದುವೆ ಮನೆಯಲ್ಲಿ ಎರಡು ಒಬ್ಬಟ್ಟು ಹೆಚ್ಚಿಗೆ ತಿಂದರೆ ಅದು ಕಾಯಿಲೆಯಲ್ಲ. ಬೆಳೆಯುವ ಮಕ್ಕಳಿಗೆ ಹಸಿವೂ ಜಾಸ್ತಿ, ಅಲ್ವಾ? ಆದರೆ ಹೊಟ್ಟೆ ನೋಯುವಷ್ಟು ಗಬಗಬನೆ ತಿನ್ನುವುದು, ಸಾಕು ಅನ್ನಿಸಿದರೂ ನಿಲ್ಲಿಸಲಾಗದಿರುವುದು, ಅಡಗಿ ತಿಂದು ಆಮೇಲೆ ತನ್ನ ಮೇಲೆ ತಾನೇ ಅಸಹ್ಯಪಡುವುದು ಬೇರೆ. ವಾರಕ್ಕೊಮ್ಮೆಯಾದರೂ ಹೀಗಾಗುತ್ತಾ 3 ತಿಂಗಳು ಕಳೆದರೆ ಅದಕ್ಕೆ ಬಿಂಜ್ ಈಟಿಂಗ್ ಡಿಸಾರ್ಡರ್ ಎನ್ನುತ್ತೇವೆ. ಮಾನಸಿಕ ಕಾಯಿಲೆ ಗುರುತಿಸಲು ವೈದ್ಯರು ಬಳಸುವ, 2013ರಲ್ಲಿ ಬಂದ ಡಿಎಸ್‌ಎಂ-5 ಕೈಪಿಡಿ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಸೇರಿಸಿತು. ತೆಳ್ಳಗಿರುವ ಮಕ್ಕಳಲ್ಲೂ ಇದು ಇರಬಹುದು. ಸಹಾಯ ಕೇಳಲು 3 ತಿಂಗಳು ಕಾಯಬೇಕಾಗಿಲ್ಲ.

ರಾತ್ರಿ ತಿಂದಿದ್ದರ ಲೆಕ್ಕ ಮನೆಯವರ ಹತ್ತಿರ ಇರುತ್ತದೆ. ಹಗಲು ತಿನ್ನದೇ ಬಿಟ್ಟಿದ್ದರ ಲೆಕ್ಕ ನಾನು ಕೇಳುತ್ತೇನೆ. ಪಿಯುಸಿ ಹುಡುಗಿಯೊಬ್ಬಳ ದಿನ ನೋಡಿ. ಬೆಳಗ್ಗೆ ಆರೂವರೆಗೆ ಟ್ಯೂಷನ್, ತಿಂಡಿ ಇಲ್ಲ. ಮಧ್ಯಾಹ್ನ ಡಬ್ಬಿ ತೆಗೆದರೆ "ಎಷ್ಟು ದಪ್ಪ ಆಗಿದ್ದೀಯೇ" ಅಂದ ಅತ್ತೆಯ ಮಾತು ನೆನಪಾಗುತ್ತದೆ. ಚಿತ್ರಾನ್ನ ಅರ್ಧಕ್ಕೇ ನಿಲ್ಲುತ್ತದೆ. ರಾತ್ರಿ ಮಾರ್ಕ್ಸ್ ಕಮ್ಮಿಯಾಯಿತೆಂದು ಬೈಗುಳ. ಇಡೀ ದಿನದ ಹಸಿವಿನ ಜೊತೆ ಬೇಜಾರೂ ಸೇರಿ, ಹನ್ನೊಂದು ಗಂಟೆಗೆ ಅಡುಗೆಮನೆಗೆ ಹೋದವಳಿಗೆ ಕೈ ತಡೆಯಲಾಗುವುದಿಲ್ಲ. ನಾಳೆ ಏನೂ ತಿನ್ನಲ್ಲ ಅಂತ ಶಪಥ ಮಾಡುತ್ತಾಳೆ. ಆ ಶಪಥವೇ ಮರುದಿನ ರಾತ್ರಿ ಮತ್ತೆ ಅವಳನ್ನು ಅಲ್ಲಿಗೆ ಕರೆತರುತ್ತದೆ.

ಅದಕ್ಕೇ ಮೂರು ಹೊತ್ತು ಊಟ, ನಡುವೆ ಎರಡು ಸಲ ಏನಾದರೂ ತಿನ್ನಲಿ. ಹಗಲು 3-4 ಗಂಟೆಗಿಂತ ಜಾಸ್ತಿ ಹೊಟ್ಟೆ ಖಾಲಿ ಬಿಡಬೇಡಿ. ರಾತ್ರಿ ಎಷ್ಟೇ ತಿಂದಿದ್ದರೂ ಬೆಳಗಿನ ಇಡ್ಲಿ ತಪ್ಪಿಸಬೇಡಿ. ತಾಯಂದಿರಿಗೆ ಒಪ್ಪಲು ತುಂಬಾ ಕಷ್ಟವಾಗುವುದು ಇದೇ, ಆದರೆ ಇದನ್ನು ಬಿಟ್ಟುಕೊಡಬೇಡಿ. ಮಗುವಿಗೊಂದೇ ಡಯಟ್ ಬೇಡ. ಮನೆಯವರೆಲ್ಲ ಅದೇ ಮುದ್ದೆ, ಅದೇ ಸೊಪ್ಪಿನ ಸಾರು ತಿನ್ನಿ. ಮೈಸೂರು ಪಾಕ್ ತಂದರೆ ಎಲ್ಲರ ತಟ್ಟೆಗೂ ಬೀಳಲಿ. ಊಟಕ್ಕೆ ಕೂತಾಗ ತೂಕದ ಮಾತು, ಮಾರ್ಕ್ಸಿನ ಮಾತು ಎರಡೂ ಬೇಡ. ನೆಂಟರು ಅಂಥ ಮಾತಾಡಿದರೆ ಮಗುವಿನ ಎದುರಿಗೇ ತಡೆಯಿರಿ.

ರಾತ್ರಿ ಅಡುಗೆಮನೆಯಲ್ಲಿ ಸಿಕ್ಕಿಬಿದ್ದರೆ "ಮತ್ತೆ ತಿಂತಿದ್ದೀಯಾ" ಅನ್ನಬೇಡಿ. "ಯಾಕೋ ಬೇಜಾರಲ್ಲಿದ್ದೀಯ, ಬಾ ಕೂತ್ಕೋ" ಅನ್ನಿ.

ತಿಂದು ವಾಂತಿ ಮಾಡಿಕೊಳ್ಳುತ್ತಿದ್ದರೆ, ಸಾಯುವ ಮಾತಾಡಿದರೆ ತಡಮಾಡದೆ ಮನೋವೈದ್ಯರ ಹತ್ತಿರ ಕರೆತನ್ನಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬಿಂಜ್ ಈಟಿಂಗ್‌ಗೆ ಮುಖ್ಯ ಚಿಕಿತ್ಸೆ ಮಾತುಕತೆಯದ್ದು. ಮೊದಲ ಭೇಟಿಗೆ ಅಪ್ಪನೂ ಜೊತೆಗೆ ಬರಲಿ.